ಎಣ್ಣೆ ಇಡುವ ಕೈ

ರೇಡಿಯೇಷನ್ನಿನ ಸುಸ್ತು ಎಂಥದ್ದು ಎಂದು ಯಾರಾದರೂ ಕೇಳಿದರೆ ಮನೋರಮಾ ಕೊಡುತ್ತಿದ್ದ ಉತ್ತರ ಒಂದೇ: ಎದ್ದು ಹಲ್ಲುಜ್ಜಿದರೆ ಸಾಕು, ಮತ್ತೆ ಮಲಗಬೇಕೆನಿಸುತ್ತದೆ. ಬಲ ಎದೆಯ ಗಂಟು ತೆಗೆದು ಮೂರು ತಿಂಗಳಾಗಿತ್ತು. ಈಗ ವಾರಕ್ಕೆ ಐದು ದಿನದಂತೆ ಐದು ವಾರ ಮೆಷಿನ್ನಿನ ಕೆಳಗೆ ಮಲಗಬೇಕು. ಮಲಗುವುದು ಹತ್ತೇ ನಿಮಿಷ. ಆದರೆ ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿಗೆ ವಾಪಸು ಬಂದು ಎರಡು ಮಹಡಿ ಹತ್ತುವಷ್ಟರಲ್ಲಿ ಜೀವ ಬಾಯಿಗೆ ಬರುತ್ತಿತ್ತು.

ಮೆಷಿನ್ನಾದರೂ ಹತ್ತು ನಿಮಿಷ ಸುಟ್ಟು ಬಿಟ್ಟುಬಿಡುತ್ತಿತ್ತು. ಶೈಲಜಾ ಇಡೀ ದಿನ ಸುಡುತ್ತಿದ್ದಳು.

ಶೈಲಜಾ ಅವಳ ಓರಗಿತ್ತಿ, ಮೈದುನನ ಹೆಂಡತಿ. ಗಂಡನನ್ನು ಗ್ರೇಟರ್ ನೋಯ್ಡಾದಲ್ಲಿ ಹೊರಗಿನ ಊಟಕ್ಕೆ ಬಿಟ್ಟು, ಟ್ರೀಟ್‌ಮೆಂಟ್ ಮುಗಿಯುವವರೆಗೆ ಅಕ್ಕನ ಜೊತೆಗಿರುತ್ತೇನೆಂದು ಸೂಟ್‌ಕೇಸ್ ಹಿಡಿದು ಬಂದಿದ್ದಳು. ಮೂರನೆಯ ದಿನಕ್ಕೆ ಹುಣಿಸೆಹಣ್ಣಿನ ಡಬ್ಬಿ ಮೇಲಿನ ಶೆಲ್ಫಿನಿಂದ ಕೆಳಗಿಳಿಯಿತು. ಒಂದು ವಾರಕ್ಕೆ ತರಕಾರಿ ಮಾರುವ ಭಯ್ಯಾ ಕೆಳಗೆ ನಿಂತು ಭಾಭೀಜಿ ಎಂದು ಕೂಗಿದರೆ ಬಾಲ್ಕನಿಗೆ ಹೋಗುವವಳೂ ಅವಳೇ ಆದಳು. ಮನೋರಮಾಳ ಸಾರಿಗೆ ಉಪ್ಪು ಸಾಲದು, ಹುಳಿ ಹೆಚ್ಚು ಎಂದು ಮದುವೆಯಾದಂದಿನಿಂದ ವರದಿ ಒಪ್ಪಿಸುತ್ತಿದ್ದ ಗಂಡ, ಸಚಿವಾಲಯದ ಸೆಕ್ಷನ್ ಆಫೀಸರ್ ದಕ್ಷಿಣಾಮೂರ್ತಿ, ಈಗ ತುಟಿ ಪಿಟಕ್ಕೆನ್ನದೆ ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದ. ಗುರುಗ್ರಾಮದಲ್ಲಿ ಕೆಲಸದಲ್ಲಿರುವ ಮಗಳು ಅಮೂಲ್ಯ ರಜೆಗೆ ಬಂದರೆ ಚಿಕ್ಕಮ್ಮನ ಜೊತೆ ಅಡಿಗೆಮನೆಯಲ್ಲಿ ಕೂತು ನಗುತ್ತಿದ್ದಳು. ಅಮ್ಮನ ಕೋಣೆಗೆ ಬಂದಾಗ ಮಾತ್ರ ದನಿ ತಗ್ಗಿಸಿ, ಮಮ್ಮಾ, ರೆಸ್ಟ್ ಕರೋ ಎನ್ನುತ್ತಿದ್ದಳು. ಎಲ್ಲರ ಬಾಯಲ್ಲೂ ಅದೊಂದೇ ಮಾತು, ಮಲಗು. ತನ್ನ ಮನೆಯನ್ನು ಇನ್ನೊಬ್ಬಳು ನಡೆಸುತ್ತಿದ್ದರೆ ಮಲಗಿದವಳಿಗೆ ನಿದ್ದೆ ಹೇಗೆ ಬರಬೇಕು?

ಇದು ಹೊಟ್ಟೆಕಿಚ್ಚು ಎಂದು ಮನೋರಮಾಳಿಗೆ ಗೊತ್ತಿತ್ತು. ಗೊತ್ತಿದ್ದೇ ಪಡುತ್ತಿದ್ದಳು. ಶೈಲಜಾ ತಂದಿಟ್ಟ ಗಂಜಿಯನ್ನು ಕುಡಿಯುತ್ತ ಅದರಲ್ಲಿ ತಪ್ಪು ಹುಡುಕುತ್ತಿದ್ದಳು, ಸಿಗದಿದ್ದರೆ ಇನ್ನಷ್ಟು ಉರಿಯುತ್ತಿದ್ದಳು.

ರೇಡಿಯೇಷನ್ ಹದಿನಾಲ್ಕು ಸಲ ಮುಗಿದಿದ್ದಾಗ ನರಕ ಚತುರ್ದಶಿ ಬಂತು. ಆ ದಿನ ಬೆಳಿಗ್ಗೆ ಎಲ್ಲರನ್ನೂ ಮಣೆಯ ಮೇಲೆ ಕೂರಿಸಿ, ಮನೆಯ ಹಿರಿಯ ಹೆಂಗಸು ನೆತ್ತಿಗೆ ಎಣ್ಣೆ ಇಟ್ಟು ಆರತಿ ಎತ್ತುವುದು ಅವರಲ್ಲಿ ಪದ್ಧತಿ. ಅತ್ತೆ ಹೋದಮೇಲೆ ಆ ಕೈ ಮನೋರಮಾಳದು. ಹಿಂದಿನ ದಿನ ಮಧ್ಯಾಹ್ನ, ಅವಳಿಗೆ ನಿದ್ದೆ ಹತ್ತಿದೆಯೆಂದುಕೊಂಡು ದಕ್ಷಿಣಾಮೂರ್ತಿ ಹೊರಗೆ ಹೇಳುವುದು ಕೇಳಿಸಿತು.

"ಈ ಸಲ ಎಣ್ಣೆ ನೀನೇ ಇಟ್ಟುಬಿಡು ಶೈಲಜಾ. ಅವಳ ಕೈಲಿ ಎಲ್ಲಿ ಆಗುತ್ತೆ?"

ಮನೋರಮಾಳಿಗೆ ಮೈಯೆಲ್ಲ ಉರಿದುಹೋಯಿತು. ಡಬ್ಬಿ ಹೋಗಲಿ, ಭಯ್ಯಾ ಹೋಗಲಿ. ಇದನ್ನೂ ಬಿಟ್ಟುಕೊಟ್ಟರೆ ತಾನು ಈ ಮನೆಯಲ್ಲಿ ಬರೀ ಪೇಷಂಟ್.

ಮರುದಿನ ಅವಳು ಎಲ್ಲರಿಗಿಂತ ಮೊದಲು ಎದ್ದಳು. ತಾನು ಎಣ್ಣೆಸ್ನಾನ ಮಾಡದೆ ಇನ್ನೊಬ್ಬರ ನೆತ್ತಿ ಮುಟ್ಟುವಂತಿಲ್ಲ ಎಂದು ಅತ್ತೆ ಕಲಿಸಿದ್ದರು. ಆದರೆ ಎದೆಯ ಮೇಲೆ ಆಸ್ಪತ್ರೆಯವರು ನೇರಳೆ ಶಾಯಿಯಲ್ಲಿ ಎಳೆದ ಗೆರೆಗಳಿದ್ದವು. ಮೆಷಿನ್ ಎಲ್ಲಿಗೆ ಗುರಿ ಹಿಡಿಯಬೇಕೆಂದು ತೋರಿಸುವ ಗುರುತುಗಳು ಅವು. ಅಲ್ಲಿಗೆ ನೀರು, ಸೋಪು, ಎಣ್ಣೆ ಯಾವುದೂ ತಾಗಕೂಡದೆಂದು ಮೊದಲ ದಿನವೇ ಹೇಳಿದ್ದರು. ಮನೋರಮಾ ಖಾಲಿ ಹಾಲಿನ ಪ್ಯಾಕೆಟ್ಟುಗಳನ್ನು ಕತ್ತರಿಸಿ, ಗೆರೆಗಳ ಮೇಲಿಟ್ಟು ಟೇಪು ಅಂಟಿಸಿಕೊಂಡಳು. ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡಳು. ಬಾಗಿಲು ಹಾಕಿ, ತಲೆಗೆ ಎಣ್ಣೆ ತಟ್ಟಿ, ಸೀಗೆಪುಡಿ ತಿಕ್ಕಿ, ಬಿಸಿನೀರು ಹುಯ್ದುಕೊಂಡಳು.

ಎಣ್ಣೆಗೆ ಟೇಪು ನಿಲ್ಲಲಿಲ್ಲ. ಮೈ ಒರೆಸಿಕೊಂಡ ಟವೆಲಿಗೆ ನೇರಳೆ ಬಣ್ಣ ಹತ್ತಿದ್ದನ್ನು ನೋಡಿದಳು. ನೋಡಿಯೂ ಹೊರಗೆ ಬಂದು, ಆಪರೇಷನ್ ಆದಮೇಲೆ ಮೇಲೇಳದ ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದು, ಎಲ್ಲರಿಗೂ ಎಣ್ಣೆ ಇಟ್ಟಳು. ಶೈಲಜಾಳ ನೆತ್ತಿಯನ್ನು ಸ್ವಲ್ಪ ಜೋರಾಗಿಯೇ ತಟ್ಟಿದಳು. ಅರ್ಧ ಗಂಟೆ ಅವಳಿಗೆ ಸುಸ್ತೆಂಬುದೇ ಇರಲಿಲ್ಲ. ಆಮೇಲೆ ಸಂಜೆಯವರೆಗೆ ಏಳಲಿಲ್ಲ.

ಹಬ್ಬದ ರಜೆ ಮುಗಿಸಿ ಆಸ್ಪತ್ರೆಗೆ ಹೋದಾಗ ಟೆಕ್ನಿಷಿಯನ್ ಗೌನು ಸರಿಸಿ ನೋಡಿ ಕೆಲಸ ನಿಲ್ಲಿಸಿದಳು. ಗೆರೆಯಿಲ್ಲದೆ ರೇಡಿಯೇಷನ್ ಕೊಡುವಂತಿಲ್ಲ. ಮತ್ತೆ ಸ್ಕ್ಯಾನ್, ಮತ್ತೆ ಅಳತೆ, ನಾಲ್ಕು ದಿನ ತಡ. ನಡುವೆ ಹೀಗೆ ಬಿಟ್ಟರೆ ಇಲ್ಲಿಯವರೆಗೆ ಕೊಟ್ಟದ್ದರ ಬಲವೂ ಕುಂದುತ್ತದೆ ಎಂದು ಡಾಕ್ಟರು ದಕ್ಷಿಣಾಮೂರ್ತಿಗೆ ಬೈದರು.

ಮನೆಗೆ ಬಂದವನೇ ಅವನು ಶೈಲಜಾಳ ಮೇಲೆ ಹರಿಹಾಯ್ದ. ದಿನವೂ ಮನೋರಮಾಳ ಮೈ ಒರೆಸುತ್ತಿದ್ದವಳು ಶೈಲಜಾ. ಹಬ್ಬದ ಸ್ನಾನವನ್ನೂ ಅವಳೇ ಮಾಡಿಸಿದ್ದಾಳೆಂದು ಅವನು ತೀರ್ಮಾನಿಸಿಬಿಟ್ಟಿದ್ದ. ಇಷ್ಟು ಓದಿಕೊಂಡವಳಿಗೆ ಅಷ್ಟೂ ತಿಳಿಯಬಾರದೇ ಎಂದ. ಇದಕ್ಕಿಂತ ನರ್ಸನ್ನು ಇಡುವುದು ವಾಸಿ ಎಂದ.

ಮಂಚದ ಮೇಲೆ ಮಲಗಿ ಮನೋರಮಾ ಎಲ್ಲವನ್ನೂ ಕೇಳಿಸಿಕೊಂಡಳು. ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಗಂಡ ಮೊದಲ ಸಲ ಶೈಲಜಾಳಲ್ಲಿ ತಪ್ಪು ಹಿಡಿದಿದ್ದ, ಅದು ಅವಳ ಕಿವಿಗೆ ಇಂಪಾಗಿತ್ತು. ತಪ್ಪಾಯಿತು ಭಾವ ಎಂದಷ್ಟೇ ಹೇಳಿ ಶೈಲಜಾ ಸೂಟ್‌ಕೇಸಿಗೆ ಬಟ್ಟೆ ತುಂಬಿದಳು.

ಹೊರಡುವ ಮುಂಚೆ ಅವಳು ಕೋಣೆಗೆ ಬಂದು, ಮಡಚಿದ ಸೀರೆಗಳನ್ನು ಕಪಾಟಿನಲ್ಲಿಟ್ಟು, ಮೆಲ್ಲಗೆ ಹೇಳಿದಳು.

"ಟೇಪು ಹತ್ತಿದ್ದ ಹಾಲಿನ ಪ್ಯಾಕೆಟ್ ಬಚ್ಚಲಲ್ಲಿ ಬಿದ್ದಿತ್ತು ಅಕ್ಕ. ಅವತ್ತೇ ಎತ್ತಿ ಬಿಸಾಕಿದೀನಿ. ಯಾರಿಗೂ ಗೊತ್ತಿಲ್ಲ."

ಮನೋರಮಾಳಿಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ, ಒಂದು ಕ್ಷಣ. ಅದರ ಬೆನ್ನಿಗೇ ಹಳೆಯ ಉರಿ ಎದ್ದಿತು. ಅಡಿಗೆ ಅವಳದು ಚೆನ್ನ, ಕೈ ಅವಳದು ಚುರುಕು, ಈಗ ದೊಡ್ಡ ಮನಸ್ಸೂ ಅವಳದೇ ಆಗಬೇಕೆ? ಮಾಡದ ತಪ್ಪು ಹೊತ್ತುಕೊಂಡು ಅವಳು ಒಳ್ಳೆಯವಳಾಗಿ ಹೊರಟುಹೋಗುತ್ತಾಳೆ, ತಾನು ಆ ಒಳ್ಳೆಯತನವನ್ನು ನೆನೆಯುತ್ತ ಇಲ್ಲಿ ಬಿದ್ದಿರಬೇಕು. ಈ ದೊಡ್ಡತನವೊಂದನ್ನು ಮಾತ್ರ ಅವಳಿಗೆ ಕೊಡಲಾರೆ ಎಂದು ಹಲ್ಲು ಕಚ್ಚಿ ಎದ್ದಳು.

ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ದಕ್ಷಿಣಾಮೂರ್ತಿ ಕ್ಯಾಬ್ ಬುಕ್ ಮಾಡುತ್ತಿದ್ದ.

"ರೀ, ಅವಳು ಮಾಡಿದ್ದಲ್ಲ. ನಾನೇ ಬಾಗಿಲು ಹಾಕ್ಕೊಂಡು ಎಣ್ಣೆ ನೀರು ಹಾಕ್ಕೊಂಡಿದ್ದು. ಅವಳು ನನ್ನ ಮನೆ ನಡೆಸೋದು ನೋಡಿ ನಂಗೆ ಹೊಟ್ಟೆ ಉರೀತಿತ್ತು."

ದಕ್ಷಿಣಾಮೂರ್ತಿ ಫೋನ್ ಕೆಳಗಿಟ್ಟ. ಬೈಯಲಿ ಎಂದು ಮನೋರಮಾ ಕಾದಳು. ಬೈದಿದ್ದರೆ ಸಿಟ್ಟಿನ ಬಲದಲ್ಲಾದರೂ ನಿಂತಿರುತ್ತಿದ್ದಳೇನೋ. ಯಾರೂ ಬೈಯಲಿಲ್ಲ. ಅವಳು ಅಲ್ಲೇ ನೆಲದ ಮೇಲೆ ಕುಸಿದಳು. ಏಳಲು ನೋಡಿದಳು, ಆಗಲಿಲ್ಲ. ಶೈಲಜಾ ಸೂಟ್‌ಕೇಸ್ ಬಿಟ್ಟು ಬಂದು ಪಕ್ಕದಲ್ಲಿ ಕೂತಳು. ಆದರೆ ಕೈ ಚಾಚಲಿಲ್ಲ. ಕೇಳದೆ ಮುಟ್ಟಿದರೆ ಅಕ್ಕನಿಗೆ ಏನಾಗುತ್ತದೆಂದು ಅವಳಿಗೀಗ ತಿಳಿದಿತ್ತು.

ಹಾಗಾಗಿ ಮನೋರಮಾ ಕೇಳಲೇಬೇಕಾಯಿತು. ಆ ಮನೆಗೆ ಸೊಸೆಯಾಗಿ ಬಂದಮೇಲೆ ಯಾರ ಮುಂದೆಯೂ ಆಡದ ಮಾತದು.

"ನನ್ನ ಕೈಲಿ ಆಗ್ತಿಲ್ಲ ಶೈಲಾ," ಎಂದಳು. "ಎಬ್ಬಿಸು."