ಡ್ರಾಯರಿನೊಳಗಿನ ತಾಯಿ

ಟಕ್, ಟಕ್ — ಹೊಲಿಗೆ ಯಂತ್ರದ್ದಲ್ಲ, ಅವಳ ಕಾಲು ಪೆಡಲಿನ ಮೇಲೆ ಸುಮ್ಮನೆ ಕೂತಿದೆ, ಸದ್ದು ಮುಂದಿನ ಕೋಣೆಯದು, ಗಂಡ ಗೋಡೆಗೆ ಹಲಗೆ ಕೂರಿಸಲು ಮೊಳೆ ಹೊಡೆಯುತ್ತಿದ್ದಾನೆ, ಹೊಡೆಯಲಿ, ಗಟ್ಟಿಯಾಗಿ ಹೊಡೆಯಲಿ, ಈ ತೋಳು ಸಂಜೆಯೊಳಗೆ ಅಂಗಿಗೆ ಕೂಡದಿದ್ದರೆ ಗಿರಾಕಿ ಮುಖ ಊದಿಸಿಕೊಳ್ಳುತ್ತಾಳೆ, ಊದಿಸಿಕೊಳ್ಳಲಿ ಬಿಡು. ಯಂತ್ರದ ಡ್ರಾಯರು ತೆರೆದೇ ಇದೆ, ದಾರ ಸುತ್ತಿದ ಬಾಬಿನ್‌ಗಳ ನಡುವೆ ಖಾಲಿ ಜಾಗ — ಇಷ್ಟು ವರ್ಷ ಮಾತೆ ಮರಿಯಮ್ಮನವರು ಅಲ್ಲೇ ಮಲಗಿದ್ದರು, ಅಸ್ತರಿನ ಚೂರು ಹೊದ್ದು, ನೀಲಿ ಮುಸುಕಿನ ಅಂಚು ಮುಕ್ಕಾಗಿ, ಅಮ್ಮ ಸಾಯುವ ಮೊದಲು ಕೈಗಿಟ್ಟ ಬೊಂಬೆ — ಬೊಂಬೆ ಅಂದವನು ಗಂಡ, ಮದುವೆಯ ಹೊಸತರಲ್ಲಿ, ನಮ್ಮ ಪ್ರಾಟೆಸ್ಟೆಂಟ್ ಸಭೆಯಲ್ಲಿ ಇದೆಲ್ಲ ನಡೆಯಲ್ಲ, ಆಕೆಯ ಮಗನನ್ನೇ ನೇರವಾಗಿ ಕೇಳಬಹುದಲ್ಲ, ತಾಯಿ ಯಾಕೆ ಮಧ್ಯೆ, ಬೈಬಲಿನ ವಚನದ ಮೇಲೆ ವಚನ, ಅವಳು ಅನ್ನುತ್ತಿದ್ದಳು, ಪೂಜೆ ಅಲ್ಲ ರೀ, ನಮಗೋಸ್ಕರ ಮಗನ ಹತ್ರ ಒಂದು ಮಾತು ಹೇಳಮ್ಮ ಅಂತ ಕೇಳೋದು ಅಷ್ಟೇ — ಯಾರು ಕಿವಿಗೆ ಹಾಕಿಕೊಂಡರು, ಆಮೇಲೆಲ್ಲ ಪ್ರಾರ್ಥನೆ ಪೆಡಲಿನ ಸದ್ದಿನೊಳಗೇ, ತುಟಿ ಅಲುಗದ ಹಾಗೆ. ಬೆಳಿಗ್ಗೆ ಅತ್ತೆ ಗುಂಡಿ ಹುಡುಕಲು ಡ್ರಾಯರು ಎಳೆದರು, ಮುಗೀತು ಕಥೆ ಅಂದುಕೊಂಡಳು, ಮಗನಿಗೆ ಆ ವಚನಗಳನ್ನು ಬಾಯಿಪಾಠ ಮಾಡಿಸಿದವರೇ ಅತ್ತೆ, ಕನ್ನಡಕ ಏರಿಸಿ ನೋಡಿದರು, ನೋಡಿದರು, ಇದೇನೇ, ಸೂಜಿಗಳ ಮಧ್ಯೆ ಮಲಗಿಸಿದೀಯ, ಚುಚ್ಚಲ್ವಾ — ನಾನಂತೂ ಇವಳಿಗೆ ಕೈ ಮುಗಿಯಲ್ಲ, ಅದು ಬೇರೆ ಮಾತು, ಆದ್ರೆ ಹೆತ್ತವಳು ಕಣೇ, ನಿಮ್ಮಮ್ಮ ಕೊಟ್ಟಿದ್ದು ಬೇರೆ, ಗೋಡೆ ಮೇಲಿರಲಿ. ಅವರು ಒಪ್ಪಲ್ಲ ಅತ್ತೆ. ನೀನು ಕೇಳಿದ್ರೆ ವಾದಕ್ಕೆ ನಿಲ್ತಾನೆ, ನೀನು ಸುಮ್ನಿರು, ನಾನು ಹೇಳ್ತೀನಿ, ತಾಯಿ ಮಾತು ಅವನು ತಳ್ಳಿಹಾಕಲ್ಲ. ತಳ್ಳಿಹಾಕಲ್ಲ — ಅವಳು ಕೈಯಲ್ಲಿದ್ದ ಬಟ್ಟೆಯನ್ನೇ ಬಾಯಿಗೆ ಅದುಮಿಕೊಂಡಳು, ನಗು ತಡೆಯಲಾಗಲಿಲ್ಲ, ಇಷ್ಟೇ ಅಲ್ವಾ ಅತ್ತೆ ನಾವು ಕ್ಯಾಥೊಲಿಕರು ತಲೆತಲಾಂತರದಿಂದ ಹೇಳ್ತಿರೋದು, ಅನ್ನಲಿಲ್ಲ, ಯಾಕೆ ಅನ್ನಬೇಕು, ಗೆದ್ದಾಗ ಬಾಯಿ ಮುಚ್ಚಿಕೊಂಡಿರುವ ಸುಖವೇ ಬೇರೆ, ಅಡುಗೆಮನೆಯಲ್ಲಿ ಅವನು ಗೊಣಗಿದ್ದು ಕೇಳಿಸಿತು, ಅಮ್ಮಾ ನೀನೂನಾ, ಸಭೆಯವರು ಬಂದ್ರೆ ಏನಂತಾರೆ, ಬಂದ್ರೆ ನಾನು ಮಾತಾಡ್ತೀನಿ ಕಣೋ, ನೀನು ಸುತ್ತಿಗೆ ಹುಡುಕು. ಈಗ ಟಕ್, ಟಕ್, ನಿಂತಿತು, ಕರೆಯುತ್ತಿದ್ದಾನೆ, ಬಾರೇ ಇಲ್ಲಿ, ಸೊಟ್ಟಗಿದೆಯಾ ನೋಡು, ಎದ್ದಳು, ತೊಡೆಯ ಮೇಲಿನ ತೋಳು ಜಾರಿ ಬಿತ್ತು, ಬೀಳಲಿ, ಬಾಗಿಲಲ್ಲಿ ನಿಂತಳು, ಹಲಗೆ ಸೊಟ್ಟಗೇ ಇದೆ, ಸರಿಯಾಗಿದೆ ರೀ, ಅಂದಳು, ಅತ್ತೆ ಅಸ್ತರಿನ ಚೂರಿನಿಂದಲೇ ಧೂಳು ಒರೆಸಿ, ಕಾಲ್ಬೆರಳ ಮೇಲೆ ನಿಂತು, ಮರಿಯಮ್ಮನವರನ್ನು ಎರಡೂ ಕೈಯಲ್ಲಿ ಎತ್ತಿ ಇಡುತ್ತಿದ್ದಾರೆ, ಕಿಟಕಿಯ ಬಿಸಿಲು ನೇರ ಅಲ್ಲಿಗೇ, ಮುಸುಕಿನ ಅಂಚಿಗೆ, ಮುಕ್ಕಾದ ನೀಲಿಗೆ, ಆ ನೀಲಿ, ಮಲಗಿಲ್ಲ, ನಿಂತಿದೆ, ನೀಲಿ —