ಎಕ್ಸ್‌ಪರ್ಟ್ ಅಂದಮೇಲೆ

ಮೂರನೇ ಸಲವೂ ದಾರ ಪಟ್ಟೆಂದು ಹರಿಯಿತು. ಮೆಕ್ಯಾನಿಕ್ ತಲೆ ಎತ್ತಲಿಲ್ಲ. ಎದುರಿನ ಸ್ಟೂಲಿನ ಮೇಲೆ ಅವನ ಅತ್ತಿಗೆ ಕೂತಿದ್ದಳು. ಬಾಗಿಲಲ್ಲಿ ನಿಂತ ಇಬ್ಬರು ಗಿರಾಕಿಗಳು ಅವನ ಕೈಯನ್ನೇ ನೋಡುತ್ತಿದ್ದರು. ಬೆಳಿಗ್ಗೆ ಅತ್ತಿಗೆ ಈ ಓವರ್‌ಲಾಕ್ ಮಿಷನ್ ತಂದಾಗ ಅದಕ್ಕಿದ್ದದ್ದು ಒಂದೇ ರೋಗ: ಬಟ್ಟೆಯ ಅಂಚು ಹೊಲಿಯುವಾಗ ಅಲ್ಲೊಂದು ಇಲ್ಲೊಂದು ಹೊಲಿಗೆ ಬಿಟ್ಟುಹೋಗುತ್ತಿತ್ತು. ಈಗ ಒಂದು ಹೊಲಿಗೆಯೂ ಬೀಳುತ್ತಿರಲಿಲ್ಲ.

ತಪ್ಪು ಎಲ್ಲಾಯಿತೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸೂಜಿಯ ಕೆಳಗೆ ಓಡಾಡುವ ಕೊಕ್ಕೆಯ ಸ್ಕ್ರೂ ಸಡಿಲಿಸುವ ಮೊದಲು, ಅದು ಎಲ್ಲಿ ಕೂತಿತ್ತೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು. ಕಾಲಲ್ಲಿ ತುಳಿಯುವ ಕಪ್ಪು ಮಿಷನ್‌ಗಳನ್ನು ಇಪ್ಪತ್ತೆರಡು ವರ್ಷ ಅವನು ಗೆರೆ ಎಳೆದೇ ಬಿಚ್ಚಿದ್ದ. ಇಂದೂ ಸೀಮೆಸುಣ್ಣ ಕೈಗೆತ್ತಿಕೊಂಡಿದ್ದ. ಬಾಗಿಲಲ್ಲಿದ್ದವನೊಬ್ಬ "ಎಕ್ಸ್‌ಪರ್ಟಿಗೂ ಗುರುತು ಬೇಕಾ?" ಎಂದು ನಕ್ಕದ್ದೇ ತಡ, ಅದನ್ನು ಡಬ್ಬಕ್ಕೆ ಎಸೆದು ಸ್ಕ್ರೂ ತಿರುಗಿಸಿಬಿಟ್ಟ. ಕೊಕ್ಕೆ ಕೂದಲೆಳೆಯಷ್ಟು ಜರುಗಿತು. ಕೆಡಲು ಅಷ್ಟು ಸಾಕಾಗಿತ್ತು.

ಆ ಹೆಸರು ಬಂದದ್ದು ಬೋರ್ಡಿನಿಂದ. ಹೋದ ತಿಂಗಳು ಅಂಗಡಿಗೆ ಹೊಸ ಬೋರ್ಡು ಬರೆಯುವಾಗ, ಕೆಳಗೆ ಜಾಗ ಉಳಿದಿದೆ, 'ಎಕ್ಸ್‌ಪರ್ಟ್' ಅಂತ ಸೇರಿಸಲೇ ಎಂದು ಪೇಂಟರ್ ಕೇಳಿದ್ದ. ಇವನು ಹೋಗಿ ಕಾಲೇಜು ಓದುವ ಮಗಳನ್ನು ಅರ್ಥ ಕೇಳಿದ.

"ನುರಿತವರು ಅಂತ, ಅಪ್ಪ. ಆ ವಿಷಯದಲ್ಲಿ ಅವರು ಹೇಳಿದ್ದೇ ಕೊನೆ."

"ಹಾಗಾದ್ರೆ ಬರೀಲಿ ಬಿಡು."

"ನಮಗೆ ನಾವೇ ಬರ್ಕೊಳ್ಳೋದಲ್ಲಪ್ಪ ಅದು. ಬೇರೆಯವರು ಕರೀಬೇಕು."

"ಬೋರ್ಡ್ ಓದಿದ್ಮೇಲೆ ಅವರೇ ಕರೀತಾರೆ. ನೀನು ಸುಮ್ನಿರು."

ಕರೆದರು ಕೂಡ. ಹಿಂದೆಲ್ಲ ಗೊತ್ತಿಲ್ಲದ ಮಿಷನ್ ಬಂದರೆ "ಇದು ನನ್ನ ಕೈಲಾಗಲ್ಲ, ಪಕ್ಕದ ಬೀದಿಗೆ ಹೋಗಿ" ಎನ್ನಲು ಅವನಿಗೆ ಯಾವ ಸಂಕೋಚವೂ ಇರಲಿಲ್ಲ. ಬೋರ್ಡು ಏರಿದ ಮೇಲೆ ಆ ಮಾತು ಬಾಯಿಂದ ಹೊರಟೇ ಇರಲಿಲ್ಲ. ಪಕ್ಕದ ಬೀದಿಯಲ್ಲಿ ಅಂಗಡಿ ಇಟ್ಟವನು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಇಂಥ ಮಿಷನ್‌ಗಳನ್ನೇ ನೋಡಿಕೊಂಡಿದ್ದವನು. ಅವನನ್ನೀಗ ಇವನು "ಬರೀ ಎಣ್ಣೆ ಬಿಡೋನು" ಎಂದು ಎಲ್ಲರೆದುರು ಆಡಿಕೊಳ್ಳುತ್ತಿದ್ದ.

"ಏನಂತಪ್ಪಾ ಅದರ ಗೋಳು?" ಸ್ಟೂಲಿನ ಮೇಲಿಂದ ಅತ್ತಿಗೆ ಕೇಳಿದಳು.

"ಒಳಗಿನ ಶಾಫ್ಟೇ ಸೊಟ್ಟ, ಅತ್ತಿಗೆ. ಮಾಡಿದವರೇ ಕೆಡಿಸಿ ಕಳಿಸಿದಾರೆ. ಇದು ರಿಪೇರಿ ಆಗೋ ಮಿಷನ್ ಅಲ್ಲ."

ಬಾಗಿಲಲ್ಲಿದ್ದವರು ಹೌದೆಂದು ತಲೆಯಾಡಿಸಿದರು. ಅತ್ತಿಗೆಯೂ ನಂಬಿ ದಾರದ ಉಂಡೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಅವನು ಅಣ್ಣನ ಮನೆಗೆ ಹೋದಾಗ ಮುಂದೆ ಗುಜರಿ ಗಾಡಿ ನಿಂತಿತ್ತು. ನಡುಮನೆಯ ತುಂಬ ಕತ್ತರಿಸಿಟ್ಟ ಬಿಳಿ ಬಟ್ಟೆ. ಆಸ್ಪತ್ರೆಯ ನರ್ಸುಗಳಿಗೆ ಅರವತ್ತು ಕೋಟು, ಶನಿವಾರಕ್ಕೆ ಕೊಡಬೇಕಾದದ್ದು. ಹನ್ನೊಂದು ವರ್ಷ ಒಬ್ಬ ದರ್ಜಿಯ ಕೈಕೆಳಗೆ ಗುಂಡಿ ಹಾಕಿ, ಬೈಸಿಕೊಂಡು, ಕೊನೆಗೆ ಹೊರಬಂದು ಅತ್ತಿಗೆ ಸ್ವಂತವಾಗಿ ಹಿಡಿದ ಮೊದಲ ಆರ್ಡರು ಅದು.

"ಒಂದ್ಸಲ ಆ ಗಾರ್ಮೆಂಟ್ಸ್‌ನವನಿಗಾದ್ರೂ ತೋರಿಸೋಣ ಕಣೇ," ಅಣ್ಣ ಹೇಳುತ್ತಿದ್ದ.

"ಯಾಕೆ, ನಿಮ್ಮ ತಮ್ಮನ ಮೇಲೆ ನಿಮಗೇ ನಂಬಿಕೆ ಇಲ್ವಾ? ಬೀದಿಯೆಲ್ಲಾ ಎಕ್ಸ್‌ಪರ್ಟ್ ಅಂತದೆ ಅವನನ್ನ. ಅವನೇ ಆಗಲ್ಲ ಅಂದ್ಮೇಲೆ ಇನ್ನೊಬ್ಬನ ಅಂಗಡೀಗೆ ಹೊತ್ಕೊಂಡು ಹೋಗಿ ಅವನ ಮರ್ಯಾದೆ ತೆಗೀಲಾ?" ಎಂದವಳು ಬಾಗಿಲಲ್ಲಿ ಮೈದುನನನ್ನು ಕಂಡು ನಕ್ಕಳು. "ಬಾಪ್ಪಾ. ಆರ್ಡರ್ ವಾಪಸ್ ಕೊಟ್ಬಿಡ್ತೀನಿ. ಸೋಮವಾರದಿಂದ ಮತ್ತೆ ಆ ದರ್ಜಿ ಹತ್ರಾನೇ. ಬೈತಾನೆ, ಬೈಲಿ. ಈ ಕಿವಿಗೇನು ಹೊಸದಾ?"

ಗುಜರಿಯವನು ಮಿಷನ್ ಎತ್ತಲು ಬಗ್ಗಿದ.

"ಮುಟ್ಬೇಡ ಅದನ್ನ!" ಮೆಕ್ಯಾನಿಕ್ ಗದರಿದ. ಗುಜರಿಯವನು ಬೆಚ್ಚಿ ಹಿಂದೆ ಸರಿದ. ಮೆಕ್ಯಾನಿಕ್ ಬಿಳಿ ಬಟ್ಟೆಯ ರಾಶಿಯನ್ನು ನೋಡುತ್ತ ಹೇಳಿದ: "ಶಾಫ್ಟ್ ಸರಿಯಾಗೇ ಇದೆ, ಅತ್ತಿಗೆ. ಕೆಡಿಸಿದ್ದು ನಾನು. ಈ ಥರದ್ದು ನಾನು ಜನ್ಮದಲ್ಲಿ ಬಿಚ್ಚಿದವನಲ್ಲ."

ಅತ್ತಿಗೆಯ ನಗು ಅರ್ಧಕ್ಕೇ ನಿಂತಿತು.

"ನಿನ್ನೇನೇ ಗೊತ್ತಿತ್ತಾ?"

"ಗೊತ್ತಿತ್ತು."

"ಈ ಗಾಡಿ ಬಂದಿರದಿದ್ರೆ? ಹೇಳ್ತಿದ್ಯಾ?"

ಅವನು ಹೊರಗೆ ನಿಂತ ಗಾಡಿಯನ್ನು ನೋಡಿದ. ಅತ್ತಿಗೆ ಬೈದು ಉಗಿದಿದ್ದರೆ ಎಷ್ಟೋ ವಾಸಿಯಾಗಿತ್ತು. ಅವಳು ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದಳು. "ಎತ್ತು," ಎಂದಳು.

ಪಕ್ಕದ ಬೀದಿಯವರೆಗೂ ಅವನು ಮಿಷನ್ ಹೆಗಲ ಮೇಲೆ ಹೊತ್ತು ನಡೆದ. ಅತ್ತಿಗೆ ನಾಲ್ಕು ಹೆಜ್ಜೆ ಮುಂದಿದ್ದಳು. ಒಮ್ಮೆಯೂ ತಿರುಗಿ ನೋಡಲಿಲ್ಲ.

ಗಾರ್ಮೆಂಟ್ಸ್‌ನವನು ಮಿಷನ್ನಿನ ಚಕ್ರವನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿ, ಬಗ್ಗಿ ಒಳಗೆ ನೋಡಿದ. "ಯಾರು ಬಿಚ್ಚಿದ್ದು ಇದನ್ನ?"

ಅತ್ತಿಗೆ ಬೀದಿಯ ಕಡೆ ಮುಖ ಮಾಡಿ ನಿಂತಳು.

"ನಾನೇ," ಎಂದ ಮೆಕ್ಯಾನಿಕ್.

"ಮೊದ್ಲೇನಾಗಿತ್ತು?"

"ಅಲ್ಲಲ್ಲಿ ಹೊಲಿಗೆ ಬಿಡ್ತಿತ್ತು."

"ಸೂಜಿ ಬದಲಾಯ್ಸಿ ನೋಡಿದ್ರಾ?"

ಮೆಕ್ಯಾನಿಕ್‌ನ ಕಿವಿ ಬಿಸಿಯಾದವು. ಮನೆಯಲ್ಲಿ ಕೂತು ಹೊಲಿಯುವವರೂ ಮೊದಲು ಮಾಡುವ ಕೆಲಸ ಅದು. ನಾಲ್ಕು ಜನ ನೋಡುವಾಗ ಅಷ್ಟು ಸಣ್ಣದಕ್ಕೆ ಕೈ ಹಾಕಲು ಅವನಿಗೆ ಮನಸ್ಸಾಗಿರಲಿಲ್ಲ.

"ಇಲ್ಲ."

ಗಾರ್ಮೆಂಟ್ಸ್‌ನವನು ಸೂಜಿ ಕಳಚಿ ಅದರ ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡಿದ. ಮೊಂಡಾಗಿತ್ತು. ಅದನ್ನು ಪಕ್ಕಕ್ಕಿಟ್ಟ. ಅವನು ನಕ್ಕಿದ್ದರೆ ಮೆಕ್ಯಾನಿಕ್ ಜಗಳಕ್ಕಾದರೂ ನಿಲ್ಲುತ್ತಿದ್ದ.

"ಸೂಜಿ ಈಗಲೇ ಹಾಕ್ತೀನಿ. ಕೊಕ್ಕೆ ಕೂರಿಸೋಕೆ ಹೊತ್ತಾಗುತ್ತೆ, ಮಧ್ಯಾಹ್ನದೊಳಗೆ ಕೊಡ್ತೀನಮ್ಮ," ಎಂದು ಅತ್ತಿಗೆಗೆ ಹೇಳಿದ ಅವನು, ಟಾರ್ಚನ್ನು ಅವಳ ಕಡೆ ಚಾಚಿದ. "ಒಬ್ರು ಇದನ್ನ ಹಿಡೀಬೇಕು."

ಅತ್ತಿಗೆಗಿಂತ ಮೊದಲು ಮೆಕ್ಯಾನಿಕ್ ಕೈ ಚಾಚಿ ತೆಗೆದುಕೊಂಡ.

"ಇನ್ನೂ ಕೆಳಗೆ... ಸ್ವಲ್ಪ ಎಡಕ್ಕೆ... ಅಲ್ಲಾಡಿಸ್ಬೇಡಿ ಅಣ್ಣಾ," ಎಂದ ಗಾರ್ಮೆಂಟ್ಸ್‌ನವನು.

ಮೆಕ್ಯಾನಿಕ್ ನೆಲಕ್ಕೆ ಮಂಡಿಯೂರಿ, ಇನ್ನೊಂದು ಕೈಯನ್ನೂ ಟಾರ್ಚಿಗೆ ಕೊಟ್ಟು, ಉಸಿರು ಬಿಗಿಹಿಡಿದ.