ಪುಟ್ಟಿಯ ಮಾತ್ರೆಗೆ ಬಂದ ಬೇಡಿಕೆ

ವಯಸ್ಸು ನಲವತ್ತನಾಲ್ಕು ದಾಟಿದ್ದರೂ ಮನೆಯವರಿಗೆ ಅವಳಿನ್ನೂ ಪುಟ್ಟಿಯೇ. ಬೀದಿಯವರಿಗೆ ಟೈಲರ್ ಅಕ್ಕ. ಹನ್ನೆರಡು ವರ್ಷದ ಹಿಂದೆ ಬೆರಳಿನ ಕೀಲುಗಳಿಗೆ ಹತ್ತಿಕೊಂಡ ಕಾಯಿಲೆ ಅವಳನ್ನು ಬಿಟ್ಟಿರಲಿಲ್ಲ. ದಿನಕ್ಕೊಂದು ಮಾತ್ರೆ ನುಂಗಿದರೆ ಬೆರಳು ಮಡಚುತ್ತವೆ, ಹೊಲಿಗೆ ಮಿಷನ್ ಓಡುತ್ತದೆ. ಹಿಂದೊಮ್ಮೆ ಎರಡು ತಿಂಗಳು ಬಿಟ್ಟು ನೋಡಿದ್ದಳು. ಸೂಜಿಗೆ ದಾರ ಪೋಣಿಸುವ ಮಾತಿರಲಿ, ಬಚ್ಚಲ ಚಿಲಕ ತೆಗೆಯಲಾಗದೆ ಒಳಗೇ ಕೂತು ಅತ್ತಿದ್ದಳು.

ಈಗ ಊರಿಗೆಲ್ಲ ಸೋಂಕು ಬಂದಿತ್ತು. ಆ ಮಾತ್ರೆ ಸೋಂಕನ್ನೂ ತಡೆಯುತ್ತದಂತೆ ಎಂದು ಯಾರೋ ಅಂದದ್ದೇ ತಡ, ಜನ ಅಂಗಡಿಗಳಿಗೆ ಮುಗಿಬಿದ್ದರು. ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಇಷ್ಟು ವರ್ಷ ಪುಟ್ಟಿಯ ಡಬ್ಬಿಯಲ್ಲಿದ್ದಾಗ ಯಾರೂ ಮೂಸಿ ನೋಡದ ಮಾತ್ರೆ ಒಂದೇ ವಾರದಲ್ಲಿ ಅಮೃತವಾಗಿಬಿಟ್ಟಿತ್ತು.

ಮೂರು ಅಂಗಡಿ ಸುತ್ತಿ ಅವಳು ತನ್ನ ಹಳೆಯ ಮೆಡಿಕಲ್ ಶಾಪಿಗೆ ಬಂದಾಗ ಅಂಗಡಿಯವನು ಚೀಟಿ ನೋಡುವ ಮೊದಲೇ ಕೈ ಆಡಿಸಿದ.

"ಇಲ್ಲ ಅಕ್ಕ. ನಿಮಗೇ ಇಲ್ಲ ಅನ್ನೋಕೆ ನಾಚಿಕೆ ಆಗುತ್ತೆ. ಡಾಕ್ಟರ್ ಚೀಟಿ ತನ್ನಿ ಅಂದ್ರೆ ಎಲ್ಲರೂ ಈ ಫೋಟೋ ತೋರಿಸಿ ಜಗಳಕ್ಕೆ ನಿಲ್ತಾರೆ."

ಅವನು ಫೋನನ್ನು ಗಾಜಿಗೆ ಒತ್ತಿ ಹಿಡಿದ. ಮಾತ್ರೆಯ ಹಾಳೆಯನ್ನು ಒಂದು ಸೊಟ್ಟ ಹೆಬ್ಬೆರಳು ಹಿಡಿದಿತ್ತು. ಕೆಳಗೆ ಅಳತೆ ಟೇಪು, ಸೀಮೆಸುಣ್ಣದ ತುಂಡು. ಅದು ಅವಳದೇ ಬೆರಳು, ಅವಳದೇ ಮೇಜು. ಅಕ್ಕನ ಗಂಡ, ಭಾವ, ಪೇಟೆಗೆ ಹೋದಾಗ ತಂದುಕೊಡಲಿ ಅಂತ ಹೋದ ವರ್ಷ ಮನೆಯವರ ಗ್ರೂಪಿಗೆ ಅವಳೇ ಹಾಕಿದ ಫೋಟೋ. ಈಗ ಅದರ ಕೆಳಗೆ ಹೀಗೆ ಬರೆದಿತ್ತು: "ನಮ್ಮ ಮನೆಯಲ್ಲಿ ಹನ್ನೆರಡು ವರ್ಷದಿಂದ ತಗೋತಿದ್ದಾರೆ. ಒಂದು ದಿನವೂ ನೆಗಡಿ ಬಂದಿಲ್ಲ. ಖಾಲಿಯಾಗುವ ಮೊದಲು ಕೊಂಡುಕೊಳ್ಳಿ."

ನೆಗಡಿ ಬಂದಿಲ್ಲವಂತೆ! ವರ್ಷಕ್ಕೆ ನಾಲ್ಕು ಸಲ ಸೀನಿ ಸೀನಿ ಸುಣ್ಣವಾಗುವವಳು ಪುಟ್ಟಿ. ಅವಳ ಮೈಯೆಲ್ಲ ಉರಿದುಹೋಯಿತು. ಬೈಯೋಣವೆಂದರೆ ಮಾಸ್ಕಿನೊಳಗೆ ಉಸಿರೇ ಸಾಲದು.

ನೇರ ಅಕ್ಕನ ಮನೆಗೆ ನಡೆದಳು. ಅಕ್ಕ ಬಾಗಿಲು ತೆಗೆಯಲಿಲ್ಲ, ಕಿಟಕಿ ತೆಗೆದಳು.

"ಒಳಗೆ ಕರೀಲಿಲ್ಲ ಅಂತ ಬೇಜಾರಾಗ್ಬೇಡ ಪುಟ್ಟಿ. ನಿಮ್ಮ ಭಾವಂಗೆ ಭಯ."

"ಫೋಟೋ ಕಳಿಸಿದ್ದು ಭಾವನಾ?"

"ನಾಲ್ಕು ಜನಕ್ಕೆ ಒಳ್ಳೇದಾಗ್ಲಿ ಅಂತ ಕಳಿಸಿದ್ರು."

"ನನ್ನ ಮಾತ್ರೆ ಊರಲ್ಲೇ ಇಲ್ಲ ಅಕ್ಕ. ಮನೇಲಿ ಉಳಿದಿರೋದು ಎರಡೇ ಎರಡು. ನಿಮ್ಮ ಹತ್ರ ಇದೆಯಾ?"

ಅಕ್ಕ ಒಳಗೊಮ್ಮೆ ನೋಡಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು, ಪಾಪ. "ಆರು ಹಾಳೆ ತಂದಿಟ್ಟಿದ್ದಾರೆ," ಅಂದಳು. ಆಮೇಲೆ ಒಂದನ್ನು ತಂದು ಕಿಟಕಿಯ ಸರಳಿನಿಂದ ಹೊರಗೆ ಚಾಚಿದಳು. "ಉಳಿದದ್ದು ನಮಗೂ ಬೇಕಲ್ವಾ? ಐದು ಜನ ಇದ್ದೀವಿ."

"ನಿಮ್ಮಲ್ಲಿ ಯಾರಿಗೂ ಏನೂ ಆಗಿಲ್ಲವಲ್ಲ."

"ನಾಳೆ ಬಂದ್ರೆ?"

"ಬಂದ್ರೆ ಅನ್ನೋದಕ್ಕೆ ಐದು ಹಾಳೆ. ಬಂದು ಹನ್ನೆರಡು ವರ್ಷ ಆಗಿರೋದಕ್ಕೆ ಒಂದು. ಚೆನ್ನಾಗಿದೆ ನಿಮ್ಮ ನ್ಯಾಯ."

ಅಕ್ಕನ ಮುಖ ಸಣ್ಣಗಾಯಿತು. ಮಾತು ಬದಲಿಸಲು ಏನಾದರೂ ಬೇಕಿತ್ತೋ ಏನೋ, "ಕೋಪ ಮಾಡ್ಕೋಬೇಡ. ಹಾಗೇ ನಮ್ಮನೆಗೊಂದು ಹತ್ತು ಮಾಸ್ಕ್ ಹೊಲಿದುಕೊಡು. ನಿನ್ನ ಹೊಲಿಗೆ ಗಟ್ಟಿ," ಅಂದಳು.

ಪುಟ್ಟಿಗೆ ನಗು ಬಂತು, ಕೆಟ್ಟ ನಗು. "ಹೊಲಿಯೋಕೆ ಬೆರಳು ಬೇಕು ಅಕ್ಕ. ನನ್ನ ಬೆರಳು ನಿನ್ನ ಬೀರುವಿನಲ್ಲಿದೆ."

ಅಕ್ಕ ಒಳಗೆ ಹೋದಳು. ಬೀರು ತೆರೆದ ಸದ್ದು ಕೇಳಿಸಿತು. ಪುಟ್ಟಿಯ ಎದೆ ಹಗುರಾಯಿತು, ಎಷ್ಟೆಂದರೂ ಒಡಹುಟ್ಟಿದವಳು. ಕಿಟಕಿಗೆ ಇನ್ನೂ ಹತ್ತಿರ ಬಂದು ಕೈ ಚಾಚಿ ನಿಂತಳು.

ಒಳಗೆ ಭಾವನ ದನಿ ಕೇಳಿಸಿತು, ಗಟ್ಟಿಯಾಗೇನಲ್ಲ, ಎರಡೇ ಮಾತು. ಆಮೇಲೆ ಬೀರು ಮುಚ್ಚಿದ ಸದ್ದೂ ಕೇಳಿಸಿತು.